ಬಾಟಲಿಯನ್ನೂ ಬೈಟು ಮಾಡಿ

ಓದುಗರ ಪತ್ರ

"ಸಂಪಾದಕರಿಗೆ ನಮಸ್ಕಾರ. ನನ್ನ ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಟ್ಯೂಷನ್ ಮುಗಿಸಿ ಬರುವಾಗ 20 ರೂಪಾಯಿಯ ಎನರ್ಜಿ ಡ್ರಿಂಕ್ ಒಂದು ತರುತ್ತಾನೆ. ಮಾರನೇ ದಿನ ಟೆಸ್ಟ್ ಇದ್ದರೆ ಎರಡು. ರಾತ್ರಿ ಎರಡು ಗಂಟೆಯವರೆಗೂ ಓದು. ಬೇಡ ಕಣೋ ಅಂದರೆ, 'ನೀನು ದಿನಕ್ಕೆ ನಾಲ್ಕು ಸಲ ಕಾಫಿ ಕುಡೀತೀಯಲ್ಲಮ್ಮ, ಅದರಲ್ಲಿರೋದೂ ಕೆಫೀನೇ' ಅಂತಾನೆ. ನಮ್ಮ ಯಜಮಾನರೂ ಅವನ ಕಡೆಗೇ. ಆ ಬಾಟಲಿಯಲ್ಲಿ ಕೆಫೀನ್ ಎಷ್ಟಿರುತ್ತದೆ? ಎಷ್ಟು ಕುಡಿದರೆ ಪರವಾಗಿಲ್ಲ? ದಯವಿಟ್ಟು ಹೆಸರು ಹಾಕಬೇಡಿ."
ಓದುಗರೊಬ್ಬರು, ಮಂಡ್ಯ

ಸಂಪಾದಕರ ಉತ್ತರ

ತಾಯಿ, ಮೊದಲು ನಿಮ್ಮ ಮಗನನ್ನು ಬೈಯುವುದು ನಿಲ್ಲಿಸಿ. ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾನೆ. ನಿಮ್ಮ ಲೋಟದಲ್ಲಿರುವುದೂ ಅವನ ಬಾಟಲಿಯಲ್ಲಿರುವುದೂ ಒಂದೇ ಕೆಫೀನ್. ಒಂದು ಚಿಕ್ಕಮಗಳೂರಿನ ತೋಟದಿಂದ ಬಂತು, ಇನ್ನೊಂದು ಕಾರ್ಖಾನೆಯಿಂದ ಬಂತು ಅಂತ ಮೈಗೆ ಗೊತ್ತಾಗುವುದಿಲ್ಲ. ಮೈಗೆ ಗೊತ್ತಾಗುವುದು ಎರಡೇ. ಎಷ್ಟು ಬಂತು, ಯಾವ ಹೊತ್ತಿಗೆ ಬಂತು.

ಎಷ್ಟು ಅನ್ನುವುದನ್ನು ಈಗಲೇ ನೋಡಿಬಿಡೋಣ. ಬಾಟಲಿಯನ್ನು ತಿರುಗಿಸಿ ಹಿಂದೆ ನೋಡಿ. 100 ಮಿ.ಲೀ.ಗೆ ಕೆಫೀನ್ ಎಷ್ಟು ಮಿಲಿಗ್ರಾಂ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಾಟಲಿಯ ಪೂರ್ತಿ ಅಳತೆಗೆ ನಾವೇ ಗುಣಿಸಿಕೊಳ್ಳಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇಂಥ ಪಾನೀಯದ ಒಂದು ಲೀಟರಿನಲ್ಲಿ 145ರಿಂದ 300 ಮಿ.ಗ್ರಾಂ.ವರೆಗೆ ಕೆಫೀನ್ ಇರಬಹುದು. ಅಂದರೆ 250 ಮಿ.ಲೀ. ಬಾಟಲಿಯಲ್ಲಿ ಜಾಸ್ತಿ ಅಂದರೆ 75 ಮಿ.ಗ್ರಾಂ. ಸಾಮಾನ್ಯ ಕೋಲಾಗಳಿಗೆ ಲೀಟರಿಗೆ 145 ದಾಟಬಾರದು ಅಂತಿದೆ. ಹಾಗಾಗಿ ಎನರ್ಜಿ ಡ್ರಿಂಕನ್ನು ಕೋಲಾ ಥರ ಗಟಗಟ ಕುಡಿಯುವಂತಿಲ್ಲ. ಒಂದಕ್ಕೆ ಎರಡರಷ್ಟು ಆಗಿಬಿಡಬಹುದು.

ನಿಮ್ಮ ಹುಡುಗ ಮೊಬೈಲಿನಲ್ಲಿ ಅಮೆರಿಕದವರ ವಿಡಿಯೊ ನೋಡುತ್ತಿದ್ದರೆ ಅವನಿಗೆ ಇನ್ನೊಂದು ಮಾತು ಹೇಳಿ. ಅಲ್ಲಿ 473 ಮಿ.ಲೀ. ಡಬ್ಬಿಯಲ್ಲಿ 160 ಮಿ.ಗ್ರಾಂ. ಇರುವುದು ಮಾಮೂಲು. 300 ಇರುವ ಡಬ್ಬಿಗಳೂ ಇವೆ. ಜಿಮ್‌ಗೆ ಹೋಗುವ ಮುಂಚೆ ನೀರಿಗೆ ಕಲಸಿ ಕುಡಿಯುವ ಪುಡಿಯಲ್ಲೂ ಒಂದು ಸೌಟಿಗೆ 150, 200 ಇರುತ್ತದೆ. ಅವರು 'ಒಂದು' ಅಂದರೆ ನಮ್ಮ ಒಂದಲ್ಲ. ಡಬ್ಬಿ ಎಣಿಸಬೇಡಿ, ಮಿಲಿಗ್ರಾಂ ಎಣಿಸಿ.

ಇನ್ನು ಮಿತಿ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿ.ಗ್ರಾಂ., ಒಂದು ಸಲಕ್ಕೆ 200, ಇದರೊಳಗಿದ್ದರೆ ತೊಂದರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿತು. ಹೈದರಾಬಾದಿನ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಇನ್ನೂ ಬಿಗಿ. 2024ರ ಅವರ ಮಾರ್ಗಸೂಚಿಯಲ್ಲಿ 300 ದಾಟಬೇಡಿ ಅಂತಿದೆ. ನಾನು ನಮ್ಮವರ ಲೆಕ್ಕವನ್ನೇ ಹಿಡಿಯುತ್ತೇನೆ. ಗರ್ಭಿಣಿಯರಿಗೆ 200ರೊಳಗೆ. ಮಕ್ಕಳಿಗೆ, ಹದಿಹರೆಯದವರಿಗೆ ಯುರೋಪಿನವರು ಮೈತೂಕದ ಮೇಲೆ ಲೆಕ್ಕ ಕಟ್ಟುತ್ತಾರೆ, ಒಂದು ಕಿಲೋಗೆ 3 ಮಿ.ಗ್ರಾಂ. ನಿಮ್ಮ ಮಗ 50 ಕಿಲೋ ಇದ್ದಾನೆ ಅಂದುಕೊಳ್ಳಿ. ಅವನ ದಿನದ ಪಾಲು 150. ಟೆಸ್ಟ್ ಹಿಂದಿನ ದಿನದ ಎರಡು ಬಾಟಲಿಗೇ ಅದು ಮುಗಿದುಹೋಯಿತು. ಬೆಳಿಗ್ಗೆ ನೀವು ಕೊಟ್ಟ ಕಾಫಿ, ಸಂಜೆ ಗೆಳೆಯರ ಜೊತೆ ಕುಡಿದ ಟೀ ಎಲ್ಲ ಅದರ ಮೇಲೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಖಡಾಖಂಡಿತವಾಗಿ ಹೇಳಿದೆ, ಮಕ್ಕಳ ಆಹಾರದಲ್ಲಿ ಎನರ್ಜಿ ಡ್ರಿಂಕಿಗೆ ಜಾಗವೇ ಇಲ್ಲ ಅಂತ. ನನ್ನ ಅಭಿಪ್ರಾಯವೂ ಅದೇ. ಹದಿನೇಳರ ಹುಡುಗನಿಗೆ ಅದು ಬೇಡ.

ಬಾಟಲಿಯ ಪರವಾಗಿ ಒಂದು ಮಾತು ಹೇಳಬೇಕು. ಅದರ ಮೇಲೆ ಅಂಕಿ ಇದೆ. ಕಾಫಿ ಲೋಟದ ಮೇಲೆ ಇಲ್ಲ. ಅಷ್ಟು ಮರ್ಯಾದೆ ಅದಕ್ಕೆ ಸಲ್ಲಲಿ.

ಆದರೆ ಅಂಕಿ ಇಲ್ಲದೆಯೂ ನಮ್ಮ ಊರಿನ ಕಾಫಿಗೆ ಒಂದು ಅಳತೆ ಇತ್ತು ತಾಯಿ, ಅದನ್ನು ನಾನು ಹೇಳದೆ ಬಿಡುವುದಿಲ್ಲ. ಮೈಸೂರಿನ ಅಗ್ರಹಾರದ ಕಡೆ ಹೋಟೆಲಿಗೆ ಹೋಗಿ ನೋಡಿ. ಇಬ್ಬರು ಬಂದರೆ 'ಒಂದು ಬೈಟು' ಅಂತಾರೆ. ಮೂವರು ಬಂದರೆ 'ಟೂ ಬೈ ತ್ರೀ'. ಯಾರೂ ಮುಖ ನೋಡುವುದಿಲ್ಲ. ಮಾಣಿ ಸಲೀಸಾಗಿ ಸುರಿದು ಹಂಚಿ ಕೊಡುತ್ತಾನೆ. ಇದನ್ನು ಜಿಪುಣತನ ಅಂತ ಹೊರಗಿನಿಂದ ಬಂದವರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಅಲ್ಲವೇ ಅಲ್ಲ. ದಿನಕ್ಕೆ ನಾಲ್ಕು ಸಲ ನಾಲ್ಕು ಜನರ ಜೊತೆ ಕೂರಬೇಕು, ಆದರೆ ನಾಲ್ಕು ಲೋಟ ಕಾಫಿ ಹೊಟ್ಟೆಗೆ ಇಳಿಸಬಾರದು. ಅದಕ್ಕೆ ಕಂಡುಕೊಂಡ ದಾರಿ ಬೈಟು. ನಮ್ಮ ಅಪ್ಪ ಕಚೇರಿಯಿಂದ ಬಂದವರು ಗೆಳೆಯರ ಜೊತೆ ಬೈಟು ಕುಡಿದು ಮನೆಗೆ ಬರುತ್ತಿದ್ದರು, ಮನೆಯಲ್ಲಿ ಅಮ್ಮನ ಜೊತೆ ಮತ್ತೆ ಅರ್ಧ ಲೋಟ. ಎರಡು ಸಲ ಕುಡಿದರೂ ಸೇರಿದ್ದು ಒಂದೇ ಲೋಟ. ರಾತ್ರಿ ಹತ್ತಕ್ಕೆ ಗೊರಕೆ.

ಬಾಟಲಿಗೆ ಈ ಪದ್ಧತಿ ಇಲ್ಲ. ಒಬ್ಬನ ಕೈಗೆ ಒಂದು. ಮುಚ್ಚಳ ತೆಗೆದರೆ ಗ್ಯಾಸ್ ಹೋಗುತ್ತದೆ ಅಂತ ಪೂರ್ತಿ ಮುಗಿಸುತ್ತಾರೆ. ತಣ್ಣಗೆ, ಸಿಹಿಯಾಗಿ ಎರಡು ನಿಮಿಷದಲ್ಲಿ ಒಳಗೆ. ಬಿಸಿ ಕಾಫಿಯನ್ನು ಹಾಗೆ ಕುಡಿಯಲು ಯಾರಿಂದಲೂ ಆಗುವುದಿಲ್ಲ.

ಇದು ಒಳಗೆ ಹೋಗಿ ಏನು ಮಾಡುತ್ತದೆ ಅನ್ನುವುದನ್ನು ಹುಡುಗನಿಗೆ ಕೂರಿಸಿ ಹೇಳಿ. ವಿಜ್ಞಾನ ಓದುವವನು, ಒಪ್ಪುತ್ತಾನೆ. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತರೆ ನಮಗೆ ನಿದ್ದೆ ಬರುತ್ತದೆ. ಕೆಫೀನ್ ಮಾಡುವುದು ಇಷ್ಟೇ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಆ ಜಾಗ ಹಿಡಿಯುತ್ತದೆ. ಅಡೆನೊಸಿನ್ ಎಲ್ಲೂ ಹೋಗಿರುವುದಿಲ್ಲ, ನಿಂತೇ ಇರುತ್ತದೆ. ಟವೆಲ್ ತೆಗೆದ ತಕ್ಷಣ ಎಲ್ಲ ಒಟ್ಟಿಗೆ ನುಗ್ಗುತ್ತದೆ. ದಣಿವು ಹೋಗಿರುವುದಿಲ್ಲ, ನಮಗೆ ಗೊತ್ತಾಗದಂತೆ ಇರುತ್ತದೆ ಅಷ್ಟೆ. 1819ರಲ್ಲಿ ರುಂಗೆ ಎಂಬ ಜರ್ಮನ್ ರಸಾಯನ ವಿಜ್ಞಾನಿ ಕಾಫಿ ಬೀಜದಿಂದ ಕೆಫೀನನ್ನು ಬೇರೆ ಮಾಡಿ ತೆಗೆದ. ಆಮೇಲೆ ಇನ್ನೂರು ವರ್ಷ ಕಳೆದಿದೆ, ನಿದ್ದೆಯ ಬದಲಿಗೆ ಕೊಡಬಹುದಾದ ವಸ್ತು ಇನ್ನೂ ಸಿಕ್ಕಿಲ್ಲ.

ಕೆಲವು ತಿಂಗಳ ಹಿಂದೆ ನಡುರಾತ್ರಿ ಬೆಂಗಳೂರಿನಿಂದ ಬಾಡಿಗೆ ಕಾರಿನಲ್ಲಿ ಮೈಸೂರಿಗೆ ಬರುತ್ತಿದ್ದೆ. ಡ್ರೈವರ್ ಚಿಕ್ಕ ಹುಡುಗ, ಕೆ.ಆರ್. ಪೇಟೆ ಕಡೆಯವನು. ಬಾಗಿಲ ಪಕ್ಕ ಎರಡು ಖಾಲಿ ಬಾಟಲಿ. 'ನಿದ್ದೆ ಬರಲ್ಲ ಸಾರ್, ಇದು ಕುಡಿದಿದ್ದೀನಿ' ಅಂದ. ರಾಮನಗರ ದಾಟುವಷ್ಟರಲ್ಲಿ ಅವನ ಕಣ್ಣು ಮುಚ್ಚಿ ತೆಗೆಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಮದ್ದೂರಿನ ಹತ್ತಿರ ಗಾಡಿ ನಿಲ್ಲಿಸಿಸಿ, ಸೀಟು ಹಿಂದಕ್ಕೆ ಹಾಕಿ ಮಲಗಪ್ಪ ಅಂದೆ. ಇಪ್ಪತ್ತು ನಿಮಿಷ ಸತ್ತ ಹಾಗೆ ಮಲಗಿದ. ಎದ್ದು ಮುಖ ತೊಳೆದುಕೊಂಡು ಮೈಸೂರಿನವರೆಗೆ ಚೆನ್ನಾಗಿ ಓಡಿಸಿದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹಗಲೂ ರಾತ್ರಿ ಓಡಿಸದಿದ್ದರೆ ಅವನ ಗಾಡಿ ಸಾಲ ತೀರುವುದಿಲ್ಲ.

ನಿಮ್ಮ ಮಗನಿಗೆ ಹೊತ್ತಿನ ಲೆಕ್ಕ ಇನ್ನೂ ಮುಖ್ಯ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಮೂರು, ಕೆಲವರಿಗೆ ಏಳು. ರಾತ್ರಿ ಒಂಬತ್ತಕ್ಕೆ ಒಂದು ಬಾಟಲಿ ಕುಡಿದರೆ, ಎರಡು ಗಂಟೆಗೆ ದೀಪ ಆರಿಸಿ ಮಲಗುವಾಗಲೂ ಅರ್ಧ ಬಾಟಲಿ ಒಳಗೇ ಇರುತ್ತದೆ. ಮಲಗುವುದಕ್ಕೆ ಆರು ಗಂಟೆ ಮುಂಚೆ 400 ಮಿ.ಗ್ರಾಂ. ಕೊಟ್ಟರೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹಾಳಾಗುತ್ತದೆ ಅಂತ 2013ರ ಒಂದು ಅಧ್ಯಯನ ತೋರಿಸಿದೆ. ಓದಿದ್ದು ತಲೆಯಲ್ಲಿ ಕೂರುವುದು ನಿದ್ದೆಯಲ್ಲಿ. ಎರಡು ಗಂಟೆಯವರೆಗೆ ಓದಿ ಆ ನಿದ್ದೆಯನ್ನೇ ಕೆಡಿಸಿಕೊಂಡರೆ ಓದಿ ಏನು ಬಂತು?

ಅವನು ನಿಮ್ಮ ಮಾತು ಕೇಳದೆ ಕುಡಿದೇ ಕುಡಿಯುತ್ತಾನೆ ಅಂದರೆ ಮಾತ್ರ ಹೀಗೆ ಮಾಡಿ. ಸಂಜೆ ನಾಲ್ಕರೊಳಗೆ. ಅರ್ಧ ಬಾಟಲಿ. ಉಳಿದರ್ಧ ಅವರಪ್ಪನಿಗೆ, ಅವನ ಕಡೆ ಮಾತಾಡಿದವರು ತಾನೇ. ಆ ದಿನ ಕಾಫಿ, ಟೀ ಇಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ. ಎದೆ ಡವಡವ ಅಂದರೆ, ಕೈ ನಡುಗಿದರೆ ಅರ್ಧವೂ ಬೇಡ. ಹೃದಯದ ತೊಂದರೆ, ಬಿಪಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ದೊಡ್ಡವರು ಇದನ್ನು ಮದ್ಯದ ಜೊತೆ ಬೆರೆಸುವುದೂ ಈಗ ಶುರುವಾಗಿದೆ, ಅದು ತೀರಾ ಅಪಾಯ. ಅಮಲು ಏರಿದ್ದು ಗೊತ್ತಾಗದೆ ಇನ್ನೂ ಕುಡಿಯುತ್ತಾರೆ. ಬಿಸಿಲಲ್ಲಿ ಆಡಿ ಬಾಯಾರಿದಾಗ ಬೇಕಾದದ್ದು ಇದಲ್ಲ, ಮಜ್ಜಿಗೆ. ಎಳನೀರಿಗೆ ಹೆಸರಾದ ಮದ್ದೂರು ಪಕ್ಕದಲ್ಲೇ ಇದೆಯಲ್ಲ.

ಈಗ ನಿಮ್ಮ ಸರದಿ. ನಾಲ್ಕು ಸಲ ಕಾಫಿ ಅಂದಿದ್ದೀರಿ. ಪೋಷಣಾ ಸಂಸ್ಥೆಯ ಲೆಕ್ಕದಂತೆ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ. ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ನಿಮ್ಮದು ಗಟ್ಟಿ ಡಿಕಾಕ್ಷನ್, ದೊಡ್ಡ ಲೋಟ ಆಗಿದ್ದರೆ ನಾಲ್ಕಕ್ಕೆ 300 ದಾಟಿತು, ಮಗನ ವಾದ ಗೆದ್ದಿತು. ಮನೆಯ ಕಾಫಿಯಲ್ಲಿ ಹಾಲು ಜಾಸ್ತಿ, ಚಿಕೋರಿ ಬೇರೆ ಇರುತ್ತದೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅಷ್ಟು ಸಮಾಧಾನ. ಆದರೆ ಪುಡಿ ರೋಬಸ್ಟಾ ಆಗಿದ್ದರೆ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಪುಡಿ ಅಂಗಡಿಯಲ್ಲಿ ಕೇಳಿ, ಹೇಳುತ್ತಾರೆ. ಊಟದ ಹಿಂದೆ ಮುಂದೆ ಒಂದು ಗಂಟೆ ಕಾಫಿ ಬೇಡ, ಊಟದ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ನಾಲ್ಕನ್ನು ನಾಲ್ಕು ಬೈಟು ಮಾಡಿಕೊಳ್ಳಿ. ಆಮೇಲೆ ಮಗನಿಗೆ ಬುದ್ಧಿ ಹೇಳುವಾಗ ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಒಮ್ಮೆಲೇ ನಿಲ್ಲಿಸಬೇಡಿ, ಕೆಲವು ದಿನ ತಲೆನೋವು ಹಿಡಿಯಬಹುದು. ವಾರಕ್ಕೊಂದು ಲೋಟ ಕಡಿಮೆ ಮಾಡಿ.

ಸಕ್ಕರೆಯ ಮಾತೂ ಇದೆ. ಹೆಸರಾದ ಒಂದು ಡಬ್ಬಿಯಲ್ಲಿ 100 ಮಿ.ಲೀ.ಗೆ 11 ಗ್ರಾಂ. 250ಕ್ಕೆ 27 ಗ್ರಾಂ. ದಿನಕ್ಕೆ 25 ಗ್ರಾಂ. ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಡಬ್ಬಿಗೇ ದಿನದ ಸಕ್ಕರೆ ಮುಗಿಯಿತು. ಮಂಡ್ಯದವರಿಗೆ ಸಕ್ಕರೆ ಬಗ್ಗೆ ನಾನೇನು ಹೇಳಲಿ? ನಿಮ್ಮ ಮೈಷುಗರ್ ಕಾರ್ಖಾನೆ 1933ರಲ್ಲಿ ಆಗಲು ಕಾರಣರಾದ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರೇ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವನ್ನೂ ಶುರುಮಾಡಿದವರು. ಕಾಫಿಯೂ ಕಬ್ಬೂ ಈ ನಾಡಿಗೆ ಅನ್ನ ಕೊಟ್ಟ ಬೆಳೆಗಳು. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಬೆಳೆದವನಿಗೆ ಬಾಕಿ ಹಣ ಸಿಗದೆ, ಅವನ ಮಗ ಅದೇ ಸಕ್ಕರೆ ನೀರಿಗೆ ದಿನಾ 20 ರೂಪಾಯಿ ಕೊಡುವುದು ನೋಡಿದರೆ ಸಂಕಟವಾಗುತ್ತದೆ.

ಯಾಕೆ ಕೊಡುತ್ತಿದ್ದಾನೆ ಅನ್ನುವುದನ್ನೂ ಯೋಚಿಸಿ. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೆ ಟ್ಯೂಷನ್. ಹದಿನೇಳರ ಮಕ್ಕಳಿಗೆ ಎಂಟು ಗಂಟೆ ನಿದ್ದೆ ಬೇಕು ಅಂತ ವೈದ್ಯರೆಲ್ಲ ಹೇಳುತ್ತಾರೆ. ನಾವು ದೊಡ್ಡವರು ಸೇರಿ ಅವರಿಗೆ ಐದು ಗಂಟೆ ಉಳಿಸಿದ್ದೇವೆ. ಮೈಸೂರಿನ ಸರಸ್ವತಿಪುರಂನಲ್ಲಿ ಸಂಜೆ ಹೊತ್ತು ಟ್ಯೂಷನ್ ಬಿಡುವಾಗ ನಿಂತು ನೋಡಿ, ಆ ಮಕ್ಕಳ ಕಣ್ಣು ನೋಡಿ. ಲಿಥುವೇನಿಯಾ 2014ರಲ್ಲೇ, ಪೋಲೆಂಡ್ 2024ರ ಜನವರಿಯಿಂದ, ಹದಿನೆಂಟು ತುಂಬದವರಿಗೆ ಎನರ್ಜಿ ಡ್ರಿಂಕ್ ಮಾರುವುದನ್ನೇ ನಿಲ್ಲಿಸಿವೆ. ನಮ್ಮಲ್ಲಿ ಕಾಲೇಜು ಗೇಟಿನ ಮುಂದಿನ ಪೆಟ್ಟಿಗೆ ಅಂಗಡಿಯಲ್ಲಿ ಫ್ರಿಜ್ಜಿನ ಮೇಲಿನ ಸಾಲೇ ಅದಕ್ಕೆ ಮೀಸಲು.

ಇನ್ನು ಲೇಬಲ್. ದಿನಕ್ಕೆ 500 ಮಿ.ಲೀ.ಗಿಂತ ಜಾಸ್ತಿ ಬೇಡ, ಮಕ್ಕಳಿಗೆ ತಕ್ಕದ್ದಲ್ಲ ಅಂತ ಅದರ ಮೇಲೆ ಬರೆದಿರಲೇಬೇಕು, ಅದು ಕಾನೂನು. ಆದರೆ ಯಾವ ಭಾಷೆಯಲ್ಲಿ? ಕೇಂದ್ರದ ನಿಯಮದಂತೆ ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿ. ಬೇರೆ ಭಾಷೆ ಕಂಪನಿಯ ಇಷ್ಟ. ಜಾಹೀರಾತು ಮಾತ್ರ ಟಿವಿಯಲ್ಲಿ ಅಚ್ಚ ಕನ್ನಡದಲ್ಲಿ ಬರುತ್ತದೆ! ಕುಡಿ ಅನ್ನುವುದಕ್ಕೆ ಕನ್ನಡ ಬೇಕು, ಸಾಕು ಅನ್ನುವುದಕ್ಕೆ ಬೇಡ. ಕಬ್ಬು ಕಡಿಯುವವರು, ಗಾರೆ ಕೆಲಸದವರು ಮೂರು ನಾಲ್ಕು ಕುಡಿಯುವುದನ್ನು ನೀವೇ ನೋಡಿರುತ್ತೀರಿ. ಅವರು ಓದಬಲ್ಲ ಅಕ್ಷರದಲ್ಲಿ ಒಂದು ಸಾಲು ಹಾಕಿದರೆ ಯಾರ ಗಂಟು ಹೋಗುತ್ತದೆ? ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಮೇಲೆ ಕನ್ನಡ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಸರ್ಕಾರ ಅದನ್ನು ಮೊದಲು ಈ ಬಾಟಲಿಗಳ ಎಚ್ಚರಿಕೆಯ ಸಾಲಿನಿಂದಲೇ ಜಾರಿ ಮಾಡಲಿ.

ಅಲ್ಲಿಯವರೆಗೆ ನಾವೇ ಬರೆಯೋಣ. "ಇದರಲ್ಲಿ ಕೆಫೀನ್ ಜಾಸ್ತಿ ಇದೆ. ದಿನಕ್ಕೆ 250 ಮಿ.ಲೀ.ಯ ಎರಡು ಬಾಟಲಿ ದಾಟಬೇಡಿ. ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಕೆಫೀನ್ ಆಗದವರು ಕುಡಿಯಬಾರದು." ಈ ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ನಿಮ್ಮ ಮಗನ ಕೈಯಲ್ಲೇ ಆ ಅಂಗಡಿಗೆ ಕಳಿಸಿ. ಅಂಗಡಿಯವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಒಪ್ಪಿದರೋ ಇಲ್ಲವೋ, ನನಗೊಂದು ಕಾಗದ ಹಾಕಿ.