ಊರ ಪಕ್ಕದಲ್ಲೇ ರೈಲು ಮಾರ್ಗ ಬರುತ್ತಿರುವಾಗ ಊರಿನವರಿಗೆ ಕುಶಲ ಕೆಲಸ ಸಿಗುವಂತೆ ಮಾಡುವುದು ಹೇಗೆ?

ಗದಗ–ವಾಡಿ ರೈಲು ಮಾರ್ಗ ನಿಮ್ಮ ಲಿಂಗಸುಗೂರು ತಾಲ್ಲೂಕಿನ ಮೂಲಕ ಹಾದುಹೋಗುವುದರಿಂದ, ಊರಿನ ಯುವಕರಿಗೆ ಮಣ್ಣು ಹೊರುವ ಕೂಲಿಯ ಬದಲು ಕುಶಲ ಕೆಲಸ ಸಿಗಬೇಕಾದರೆ ಯಾವ ತರಬೇತಿ ಕೊಡಿಸಬೇಕು ಎಂದು ಗ್ರಾಮ ಪಂಚಾಯಿತಿ ಸದಸ್ಯರಾಗಿ ಕೇಳಿದ್ದೀರಿ. ಉತ್ತರ ಕರ್ನಾಟಕದ ರಸ್ತೆ ಮತ್ತು ಸೇತುವೆ ಕಾಮಗಾರಿಗಳಲ್ಲಿ ಗುತ್ತಿಗೆದಾರ ಸಂಸ್ಥೆಯೊಂದರ ಪರವಾಗಿ ಕೆಲವು ವರ್ಷ ಕಾರ್ಮಿಕರ ತರಬೇತಿಯ ಹೊಣೆ ಹೊತ್ತಿದ್ದ ಅನುಭವದಿಂದ ಉತ್ತರಿಸುತ್ತಿದ್ದೇನೆ. ಆ ಅನುಭವದಲ್ಲಿ ನನ್ನ ತಪ್ಪುಗಳ ಪಾಲೂ ಸಣ್ಣದಲ್ಲ.

ಯಾವ ತರಬೇತಿ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಿಮ್ಮ ಊರಿನಲ್ಲಿ ಈ ಕೆಲಸ ಈಗಾಗಲೇ ಯಾರಿಗೆ ಬರುತ್ತದೆ? ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಬೆಂಗಳೂರಿಗೆ ಗುಳೆ ಹೋಗುವವರಲ್ಲಿ ಬಹಳಷ್ಟು ಜನ ಅಲ್ಲಿ ಕಟ್ಟಡದ ಕೆಲಸವನ್ನೇ ಮಾಡುತ್ತಾರೆ. ಕೂಲಿಯಾಗಿ ಹೋದವನು ನಾಲ್ಕೈದು ವರ್ಷಗಳಲ್ಲಿ ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸದವನೋ ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವ ಬಾರ್ ಬೆಂಡರೋ ಆಗಿರುತ್ತಾನೆ. ಹೀಗಿರುವಾಗ ‘ಸ್ಥಳೀಯರಿಗೆ ಕೌಶಲವಿಲ್ಲ’ ಎಂದು ಕಾಮಗಾರಿ ನಡೆಯುವ ಕಡೆಯಲ್ಲೆಲ್ಲ ಕೇಳಿಬರುವ ಮಾತು ಅರ್ಧ ಮಾತ್ರ ಸತ್ಯ. ಕೌಶಲವಿದೆ, ಅದು ಊರಿನಲ್ಲಿಲ್ಲ, ಅದಕ್ಕೆ ಕಾಗದವಿಲ್ಲ, ಅಷ್ಟೇ.

ನಮ್ಮ ಸೇತುವೆಯೊಂದರ ಕೆಲಸಕ್ಕೆ ಪಕ್ಕದ ಹಳ್ಳಿಯವರೊಬ್ಬರು ಹೆಲ್ಪರ್ ಆಗಿ ಸೇರಿದ್ದರು. ಪಿಲ್ಲರಿನ ರಿಂಗುಗಳನ್ನು ಕಟ್ಟುವಾಗ ಅವರ ಕೈಯಲ್ಲಿದ್ದ ಕೊಕ್ಕೆ ತಿರುಗುತ್ತಿದ್ದ ವೇಗವನ್ನು ಕಂಡು ನಾನು ಮಾತನಾಡಿಸಿದೆ. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಅದೇ ಕೆಲಸ ಮಾಡಿದ್ದರಂತೆ. ಹಾಗಾದರೆ ಹೆಲ್ಪರ್ ಹಾಜರಿಗೆ ಏಕೆ ಬಂದಿರಿ ಎಂದು ಕೇಳಿದ್ದಕ್ಕೆ, ‘ಸರ್ಟಿಫಿಕೇಟ್ ಐತೇನು ಅಂದ್ರು ಸರ್, ಇಲ್ಲ ಅಂದೆ’ ಎಂದರು. ಅಂಥವರಿಗೆ ಮೂರು ತಿಂಗಳ ತರಗತಿ ಬೇಕಾಗಿಲ್ಲ. ಮೊದಲೇ ಕಲಿತ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರ ಸರ್ಕಾರದ ಕೌಶಲ ವಿಕಾಸ ಯೋಜನೆಯಲ್ಲಿದೆ. ಅಧಿಕಾರಿಗಳು ಅದನ್ನು ಆರ್‌ಪಿಎಲ್ ಎಂದು ಕರೆಯುತ್ತಾರೆ. ಜಿಲ್ಲಾ ಕೌಶಲಾಭಿವೃದ್ಧಿ ಕಚೇರಿಗೆ ಹೋದಾಗ ಈ ಹೆಸರನ್ನೇ ಹೇಳಿ ಕೇಳಿ. ಹೊಸ ಬ್ಯಾಚ್ ತೆರೆಯುವುದರಲ್ಲಿ ಎಲ್ಲರಿಗೂ ಉತ್ಸಾಹವಿರುತ್ತದೆ, ಇದರಲ್ಲಿ ಅಷ್ಟಾಗಿ ಇರುವುದಿಲ್ಲ.

ಇನ್ನು ಹೊಸದಾಗಿ ಕಲಿಯುವವರ ವಿಷಯ. ಇಲ್ಲಿ ನಾನು ಎಡವಿದ್ದು ಸಮಯದ ಲೆಕ್ಕಾಚಾರದಲ್ಲಿ. ಒಮ್ಮೆ 30 ಯುವಕರಿಗೆ ಬಾರ್ ಬೆಂಡಿಂಗ್ ಮತ್ತು ಶಟರಿಂಗ್ (ಸೆಂಟ್ರಿಂಗ್ ಕೆಲಸ) ಕಲಿಸಿ, ಏಪ್ರಿಲ್‌ನಲ್ಲಿ ಸಮಾರಂಭ ಮಾಡಿ, ಹೆಲ್ಮೆಟ್ ಹಾಕಿಸಿ ಫೋಟೊ ತೆಗೆಸಿದೆವು. ಭೂಸ್ವಾಧೀನ ತಡವಾಗಿ, ಅದರ ಹಿಂದೆಯೇ ಮಳೆಗಾಲ ಬಂದು, ಪಿಲ್ಲರಿನ ಕೆಲಸ ಶುರುವಾಗುವಷ್ಟರಲ್ಲಿ ನವೆಂಬರ್ ಆಗಿತ್ತು. ಮನೆ ನಡೆಯಬೇಕಾದವರು ಏಳು ತಿಂಗಳು ಕಾಯುವುದು ಸಾಧ್ಯವೇ? ಹೆಚ್ಚಿನವರು ಅಷ್ಟರಲ್ಲಿ ಗುಳೆ ಹೋಗಿದ್ದರು. ಅವರ ಜಾಗಕ್ಕೆ ಮೇಸ್ತ್ರಿ ಹೊರ ರಾಜ್ಯದ ತಂಡವನ್ನು ಕರೆಸಿದ. ಅವನನ್ನು ದೂರಿ ಪ್ರಯೋಜನವಿರಲಿಲ್ಲ.

ಆದ್ದರಿಂದ ತರಬೇತಿಯ ವೇಳಾಪಟ್ಟಿಯನ್ನು ಕಾಮಗಾರಿಯ ವೇಳಾಪಟ್ಟಿಗೆ ಕಟ್ಟಬೇಕು. ರೈಲು ಮಾರ್ಗದಲ್ಲಿ ಮೊದಲು ಮಣ್ಣಿನ ಕೆಲಸ: ಹಿಟಾಚಿ, ಗ್ರೇಡರ್, ರೋಲರ್ ನಡೆಸುವವರು ಬೇಕು, ಉಳಿದವರಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಅದರ ಜೊತೆಗೋ ಸ್ವಲ್ಪ ಹಿಂದೆಯೋ ಮೋರಿಗಳು, ಕೆಳಸೇತುವೆಗಳು, ಹಳ್ಳದ ಸೇತುವೆಗಳು ಬರುತ್ತವೆ. ಕಬ್ಬಿಣ ಕಟ್ಟುವವರಿಗೂ ಸೆಂಟ್ರಿಂಗ್‌ನವರಿಗೂ ಕಾಂಕ್ರೀಟ್ ತಂಡಕ್ಕೂ ಆಗ ಸುಗ್ಗಿ. ಜಲ್ಲಿ, ಸ್ಲೀಪರ್, ಹಳಿ ಆಮೇಲಿನ ಮಾತು. ವಿದ್ಯುದೀಕರಣ ಇನ್ನೂ ಆಮೇಲೆ. ಈ ಮಾರ್ಗದ ತಳಕಲ್‌ನಿಂದ ಕುಷ್ಟಗಿವರೆಗಿನ ಭಾಗದಲ್ಲಿ 2025ರ ಮೇ ತಿಂಗಳಿನಲ್ಲೇ ರೈಲು ಓಡಲಾರಂಭಿಸಿದೆ, ಅಂದರೆ ಒಂದೇ ಮಾರ್ಗದ ಒಂದೊಂದು ಊರು ಒಂದೊಂದು ಹಂತದಲ್ಲಿರುತ್ತದೆ. ನಿಮ್ಮ ಊರಿನ ಪಕ್ಕದಲ್ಲಿ ಯಾವ ಹಂತ ಯಾವಾಗ ಬರುತ್ತದೆ ಎಂಬುದನ್ನು ಸ್ಥಳದ ಎಂಜಿನಿಯರ್‌ರನ್ನು ಕೇಳಿ ತಿಳಿದುಕೊಂಡು, ಅದಕ್ಕೆ ಆರೆಂಟು ವಾರ ಮೊದಲು ಆ ಕೆಲಸದ ತರಬೇತಿಯನ್ನು ಶುರುಮಾಡಿಸಿ.

ಕಲಿಸುವ ವಿಷಯಗಳಲ್ಲಿ ಕೈಕೆಲಸದಷ್ಟೇ ಮುಖ್ಯವಾದದ್ದು ನಕ್ಷೆ ಓದುವುದು. ಕೂಲಿಯವನನ್ನು ಕುಶಲಕರ್ಮಿಯಾಗಿ, ಕುಶಲಕರ್ಮಿಯನ್ನು ಮೇಸ್ತ್ರಿಯಾಗಿ ಮಾಡುವುದು ಅದೇ. ನಕ್ಷೆಯಲ್ಲಿ 16 ಎಂದು ಬರೆದು ಮುಂದೆ 150 ಎಂದಿದ್ದರೆ, 16 ಮಿಲಿಮೀಟರ್ ದಪ್ಪದ ಸರಳುಗಳನ್ನು 150 ಮಿಲಿಮೀಟರ್ ಅಂತರದಲ್ಲಿ ಇಡಬೇಕು ಎಂದರ್ಥ. ಇದನ್ನು ಕಲಿಯಲು ಏಳನೇ ತರಗತಿಯ ಓದು ಸಾಕು. ಸರಳಿನ ತೂಕದ ಲೆಕ್ಕವೂ ಹಾಗೆಯೇ: ಮಿಲಿಮೀಟರಿನಲ್ಲಿರುವ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಸರಳಿನ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ. 16ಕ್ಕೆ 256 ಭಾಗಿಸು 162, ಅಂದರೆ ಸುಮಾರು 1.58; ಹನ್ನೆರಡು ಮೀಟರಿನ ಇಡೀ ಸರಳು ಹತ್ತಿರಹತ್ತಿರ 19 ಕಿಲೋ. ಟನ್ನಿನ ಲೆಕ್ಕದಲ್ಲಿ ಕೆಲಸ ಹಿಡಿಯುವವನಿಗೆ ಈ ಗುಣಾಕಾರ ಬಾರದಿದ್ದರೆ ತನಗೆ ಬರಬೇಕಾದ ಹಣ ಎಷ್ಟೆಂಬುದೇ ತಿಳಿಯುವುದಿಲ್ಲ. ತರಗತಿಯಲ್ಲಿ ನಾನು ಈ ಲೆಕ್ಕ ಮಾಡಿ ತೋರಿಸಿದ ದಿನ, ಅಲ್ಲಿಯವರೆಗೆ ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದವರು ಮುಂದೆ ಬಂದು ಕುಳಿತರು.

ಭಾಷೆಯ ತೊಡಕನ್ನು ಯಾವ ಪಠ್ಯಕ್ರಮವೂ ಹೇಳುವುದಿಲ್ಲ. ದೊಡ್ಡ ಕಾಮಗಾರಿಗಳಲ್ಲಿ ಫೋರ್‌ಮನ್‌ಗಳ ಮಾತು ಸಾಮಾನ್ಯವಾಗಿ ಹಿಂದಿ. ಸರಳಿಗೆ ‘ಸರಿಯಾ’, ಕಲಸಿದ ಕಾಂಕ್ರೀಟಿಗೆ ‘ಮಸಾಲಾ’ ಎನ್ನುತ್ತಾರೆ. ಮೊದಲ ವಾರ ಇದು ತಿಳಿಯದೆ ತಬ್ಬಿಬ್ಬಾಗುವ ಕನ್ನಡದ ಹುಡುಗನನ್ನು ದಡ್ಡನೆಂದು ಬರೆದುಬಿಡುತ್ತಾರೆ. ಇಂಥ ಐವತ್ತು ಪದಗಳ ಪಟ್ಟಿಯನ್ನೂ ಕ್ರೇನಿನವರು ಬಳಸುವ ಕೈಸನ್ನೆಗಳನ್ನೂ ಮೊದಲ ಎರಡು ದಿನಗಳಲ್ಲೇ ಕಲಿಸಿಬಿಡಿ.

ಹೆಣ್ಣುಮಕ್ಕಳನ್ನು ಬುಟ್ಟಿ ಹೊರುವ ಕೆಲಸಕ್ಕೇ ಬಿಡಬೇಡಿ. ಸ್ಥಳದ ಪ್ರಯೋಗಾಲಯದಲ್ಲಿ 15 ಸೆಂಟಿಮೀಟರಿನ ಅಚ್ಚಿಗೆ ಕಾಂಕ್ರೀಟನ್ನು ಪದರಪದರವಾಗಿ ತುಂಬಿ, ಪ್ರತಿ ಪದರಕ್ಕೂ 35 ಬಾರಿ ಸಲಾಕೆಯಿಂದ ಕುಟ್ಟಿ, ಮರುದಿನ ಅಚ್ಚು ಬಿಚ್ಚಿ ನೀರಿಗಿಳಿಸಿ, 7ನೇ ಮತ್ತು 28ನೇ ದಿನ ಒತ್ತಡ ಹಾಕಿ ಕಾಂಕ್ರೀಟಿನ ಗಟ್ಟಿತನ ನೋಡುವ ಕೆಲಸಕ್ಕೆ ಬೇಕಾದದ್ದು ಶಿಸ್ತು ಮತ್ತು ದಾಖಲೆ ಬರೆಯುವ ಅಭ್ಯಾಸ. ಪಿಯುಸಿ ಓದಿ ಮನೆಯಲ್ಲಿರುವ ಯುವತಿಯರು ಇದನ್ನು ಚೆನ್ನಾಗಿ ಮಾಡುತ್ತಾರೆ.

ಇಷ್ಟೆಲ್ಲ ಕಲಿತರೂ ಕೆಲಸ ಕೊಡಲೇಬೇಕೆಂಬ ಕಟ್ಟು ಗುತ್ತಿಗೆದಾರನಿಗೆ ಎಲ್ಲಿಂದ ಬರಬೇಕು? ಅದು ಟೆಂಡರಿನಲ್ಲೇ ಇರಬೇಕು. ಲಂಡನ್ನಿನ ಕ್ರಾಸ್‌ರೈಲ್ ಎಂಬ ರೈಲು ಮಾರ್ಗದ ಯೋಜನೆಯಲ್ಲಿ ಗುತ್ತಿಗೆಯ ಪ್ರತಿ 30 ಲಕ್ಷ ಪೌಂಡ್ ಮೌಲ್ಯಕ್ಕೆ ಒಬ್ಬರಿಗಾದರೂ ಅಪ್ರೆಂಟಿಸ್ ತರಬೇತಿಯನ್ನೋ ಉದ್ಯೋಗವನ್ನೋ ಕೊಡಬೇಕೆಂದು ಕರಾರಿನಲ್ಲೇ ಬರೆದಿದ್ದರು. ಸುರಂಗದ ಕೆಲಸಕ್ಕೆ ಜನ ಸಾಲದೆಂದು ತಿಳಿದು 2011ರಲ್ಲಿ ಇಲ್ಫರ್ಡ್‌ನಲ್ಲಿ ಪ್ರತ್ಯೇಕ ತರಬೇತಿ ಶಾಲೆಯನ್ನೇ ತೆರೆದರು. ಗುರಿ 400 ಅಪ್ರೆಂಟಿಸ್‌ಗಳದ್ದಾಗಿತ್ತು, ಕೊನೆಗೆ ಸಾವಿರ ದಾಟಿತು. ನಮ್ಮಲ್ಲಿ ಕೊಂಕಣ ರೈಲ್ವೆ ಭೂಮಿ ಕಳೆದುಕೊಂಡ ಕುಟುಂಬದವರಿಗೆ ನೇಮಕಾತಿಯಲ್ಲಿ ಆದ್ಯತೆ ಕೊಟ್ಟಿತು; ಅದು ದೊಡ್ಡ ವಿಷಯವೇ, ಆದರೆ ರೈಲ್ವೆಯ ನೌಕರಿ ಬೇರೆ, ಮಾರ್ಗ ಕಟ್ಟುವ ಕೆಲಸ ಬೇರೆ. ನಿಮ್ಮ ಮಾರ್ಗದ ಟೆಂಡರನ್ನು ನೀವು ತಿದ್ದಲಾರಿರಿ, ಒಪ್ಪುತ್ತೇನೆ. ಆದರೆ 1961ರ ಅಪ್ರೆಂಟಿಸ್ ಕಾಯ್ದೆ ಇದ್ದೇ ಇದೆ: 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿ ಲೆಕ್ಕ ಹಾಕಿ, ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಪಂಚಾಯಿತಿಯ ನಿರ್ಣಯದೊಂದಿಗೆ ಹತ್ತಿರದ ಐಟಿಐ ಪ್ರಾಂಶುಪಾಲರನ್ನು ಕರೆದುಕೊಂಡು ಹೋಗಿ ಈ ಅಂಶವನ್ನು ಮುಂದಿಟ್ಟು ಮಾತನಾಡಿದರೆ, ಬರೀ ಮನವಿಪತ್ರಕ್ಕಿಂತ ತೂಕ ಹೆಚ್ಚು.

ಜೊತೆಯಲ್ಲೇ ಪ್ರತಿಯೊಬ್ಬರಿಗೂ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು.

ಇವೆಲ್ಲಕ್ಕೂ ಬೇಕಾದ ಹೆಸರುಗಳ ಪಟ್ಟಿಯನ್ನು ಮಾಡಲು ಸರಿಯಾದ ಸಮಯ ನಿಮಗೇ ಚೆನ್ನಾಗಿ ಗೊತ್ತಿದೆ. ನಿಮ್ಮ ತಾಲ್ಲೂಕಿನ ಮುದಗಲ್ಲಿನ ಮೊಹರಂಗೆ ಗುಳೆ ಹೋದವರೆಲ್ಲ ಊರಿಗೆ ಬರುತ್ತಾರೆ. ಆ ನಾಲ್ಕು ದಿನಗಳಲ್ಲಿ ಒಂದು ಪುಸ್ತಕ ಹಿಡಿದು ಮನೆಮನೆಗೆ ಹೋಗಿ, ಹೆಸರು, ಮಾಡುವ ಕೆಲಸ, ಎಷ್ಟು ವರ್ಷದ ಅನುಭವ, ಫೋನ್ ನಂಬರ್, ಊರಲ್ಲೇ ಅಷ್ಟೇ ಪಗಾರ ಸಿಕ್ಕರೆ ಉಳಿಯುವಿರಾ ಎಂಬ ಐದು ಕಲಮುಗಳನ್ನು ತುಂಬಿಸಿಕೊಳ್ಳಿ.