ಜೆ.ಸಿ. ರಸ್ತೆಯ ಹಳೇ ಬಿಸಿಎಂ ಹಾಕಬಹುದಾ?

ಮಳೆ ಬಂದರೆ ನಿಮ್ಮ ಪಿಕಪ್‌ನ ವೈಪರ್ ತಾನಾಗೇ ಓಡುತ್ತದೆ, ಸೆಂಟ್ರಲ್ ಲಾಕ್ ಕೈಕೊಡುತ್ತದೆ, ಮೆಕ್ಯಾನಿಕ್ ಬಿಸಿಎಂ, ಅಂದರೆ ವೈಪರ್, ಲಾಕ್ ಇವನ್ನೆಲ್ಲ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಬಾಡಿ ಕಂಟ್ರೋಲ್ ಮಾಡ್ಯೂಲ್, ಹೋಗಿದೆ ಅಂದಿದ್ದಾರೆ, ಬೆಂಗಳೂರಲ್ಲಿ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಯಿಂದ ಹಳೇದು ತಂದು ಹಾಕಲಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ಸುಮ್ನೆ ಸಿಕ್ಕಿಸಿದರೆ ಆಗುವ ಕೆಲಸ ಅಲ್ಲ.

ಮೊದಲು ಅದೇ ಕೆಟ್ಟಿದೆಯಾ ನೋಡಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಅರ್ಥ್ ವೈರ್ ಸಡಿಲ ಇದ್ದರೂ ಇದೇ ಕಾಟ. ಮಳೆಯಲ್ಲಿ ಮಾತ್ರ ಅಂದರೆ ನನಗೆ ನೀರಿನ ಮೇಲೇ ಅನುಮಾನ. ಬೆಂಗಳೂರಲ್ಲಿ ಮರದ ಕೆಳಗೆ ಗಾಡಿ ನಿಲ್ಲಿಸದವರು ಯಾರು ಹೇಳಿ? ಮುಂದಿನ ಗಾಜಿನ ಬುಡದಲ್ಲಿ ಎಲೆ, ಹೂವು ಕಟ್ಟಿಕೊಂಡು ನೀರು ಡ್ಯಾಶ್‌ಬೋರ್ಡ್ ಒಳಗೆ ಇಳಿಯುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆ ಮಾಡ್ಯೂಲ್‌ನ ಕನೆಕ್ಟರ್ ಎಳೆದು ನೋಡಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸೋರಿಕೆ ನಿಲ್ಲಿಸದೆ ಹೊಸದು ಹಾಕಿದರೆ ಅದೂ ಹೋಗುತ್ತದೆ, ಅಲ್ವಾ?

ಬದಲಿಸಲೇಬೇಕು ಅಂದರೆ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ತುಂಬಾ ಗಾಡಿಗಳಲ್ಲಿ ಇದರೊಳಗೆ ಚಾಸಿಸ್ ನಂಬರ್, ಕೀ ಕೋಡ್ ಇರುತ್ತವೆ. ಹಳೇದರಲ್ಲಿ ಬೇರೆಯವರ ಗಾಡಿಯದ್ದೇ ಕೂತಿರುತ್ತದೆ, ಆಗ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಎಂಜಿನ್ ಸ್ಟಾರ್ಟ್ ಆಗಲು ಬಿಡದೇ ಇರಬಹುದು. ಕೆಲವನ್ನು ನಿಮ್ಮ ಗಾಡಿಗೆ ಹೊಂದುವಂತೆ ಮತ್ತೆ ಕೋಡಿಂಗ್ ಮಾಡಲು ಬರುವುದೇ ಇಲ್ಲ. ಹಾಗಾಗಿ ಕೋಡಿಂಗ್ ಮಾಡುವವರನ್ನು ಕೇಳಿಕೊಂಡೇ ದುಡ್ಡು ಕೊಡಿ. ಅವರ ಹತ್ತಿರ ಹೋಗುವಾಗ ಗಾಡಿಯ ಎರಡೂ ಕೀ ತೆಗೆದುಕೊಂಡು ಹೋಗಿ.