ಎರಡು ವರ್ಷ ಮಿಷನ್ ಸೇವೆಗೆ ಹೋಗಿ ಬಂದ ಮೇಲೆ ಏನು ಉಳಿಯುತ್ತದೆ?

ಡಿಗ್ರಿ ಮುಗಿಸಿದ್ದೀರಿ, ಎರಡು ವರ್ಷ ಮಿಷನ್ ಸೇವೆಗೆ ಹೋಗಬೇಕು ಅಂತಿದ್ದೀರಿ. ಅಲ್ಲಿ ಆಗುವ ಆತ್ಮಿಕ ಬೆಳವಣಿಗೆ ವಾಪಸ್ ಬಂದ ಮೇಲೂ ಉಳಿಯುತ್ತದಾ, ಇಲ್ಲಾ ನಾಲ್ಕು ದಿನದ ಹುರುಪಾ ಅಂತ ಕೇಳಿದ್ದೀರಿ.

ಹುರುಪು ಉಳಿಯಲ್ಲ. ನನಗೆ ಉಳಿದದ್ದು ಬೇರೆಯೇ.

ನಾನು ಹುಬ್ಬಳ್ಳಿಯವನು. ಬಿ.ಕಾಂ ಆದ ಮೇಲೆ ನಮ್ಮ ಕ್ರೈಸ್ತ ಸಭೆಯ ಕಡೆಯಿಂದ ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಸಂಜೆ ಮಕ್ಕಳಿಗೆ ಪಾಠ, ಕಾಯಿಲೆಯವರನ್ನು ಬಸ್ಸಿನಲ್ಲಿ ಗದಗಿನ ದವಾಖಾನೆಗೆ ಕರೆದುಕೊಂಡು ಹೋಗುವುದು, ಕರೆದವರ ಮನೆಯಲ್ಲಿ ಪ್ರಾರ್ಥನೆ. ಇಷ್ಟೇ ಕೆಲಸ. ಆದರೆ ಎಲ್ಲರಿಗೂ ಹೇಳಲು ನನ್ನ ಹತ್ತಿರ ಏನೋ ಇದೆ ಅಂತ ಹೋಗಿದ್ದೆ.

ಮೂರನೇ ತಿಂಗಳು ಪಕ್ಕದ ಓಣಿಯ ಒಬ್ಬ ಅಜ್ಜಿಯ ಮಗ ಹಾವು ಕಚ್ಚಿ ತೀರಿಕೊಂಡ. ನಾನು ಸತ್ಯವೇದ, ಅಂದರೆ ಬೈಬಲ್ ಹಿಡಿದು ಹೋದೆ. ಯಾವ ಕೀರ್ತನೆ ಓದಬೇಕು ಅಂತ ಗುರುತು ಹಾಕಿಕೊಂಡೇ ಹೋಗಿದ್ದೆ. ಅಜ್ಜಿ ನನ್ನ ಕೈ ನೋಡಿ, 'ಏನೂ ಓದಬ್ಯಾಡಪ್ಪಾ. ಸುಮ್ನ ಕುಂಡ್ರು' ಅಂದಳು. ಕೂತೆ. ಮುಂದೆ ಮೊರದಲ್ಲಿ ಕಡಲೆ ಇತ್ತು. ಅವಳು ಹಸನು ಮಾಡುತ್ತಿದ್ದಳು, ನಾನೂ ಹರಳು ಆರಿಸತೊಡಗಿದೆ. ಮಧ್ಯಾಹ್ನ ಕಳೆಯಿತು. ಮರುದಿನವೂ ಹೋದೆ. ಎಷ್ಟೋ ದಿನ ಹೀಗೇ ನಡೆಯಿತು. ಒಂದು ದಿನ ತಾನಾಗಿಯೇ ಮಗನ ಸುದ್ದಿ ತೆಗೆದಳು. ಅವನು ರೊಟ್ಟಿಯ ಜೊತೆ ಪುಂಡಿ ಪಲ್ಯ ಎಷ್ಟು ತಿನ್ನುತ್ತಿದ್ದ ಅನ್ನುವುದರಿಂದ ಶುರುವಾಯಿತು. ಓದು ಅಂತ ಅವಳು ಕೊನೆಗೂ ಹೇಳಲಿಲ್ಲ.

ಆ ರಾತ್ರಿ ಸತ್ಯವೇದದಲ್ಲಿ ಯೋಬನ ಪುಸ್ತಕ ತೆಗೆದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡವನ ಕಥೆ ಅದು. ಅವನ ಗೆಳೆಯರು ಏಳು ದಿನ, ಏಳು ರಾತ್ರಿ ಒಂದೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ತಪ್ಪಿದ್ದು ಬಾಯಿ ತೆರೆದ ಮೇಲೆ. ಎಷ್ಟು ಸಲ ಓದಿದ್ದೆ, ಆದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮ ಧಾರವಾಡಕ್ಕೆ 1853ರಲ್ಲಿ ಜರ್ಮನಿಯ ಪಾದ್ರಿ ಕಿಟೆಲ್ ಬಂದಾಗ ಅವರಿಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು, 21. ಬಾಸೆಲ್ ಮಿಷನ್ ಅವರನ್ನು ಕಳಿಸಿದ್ದು ಸುವಾರ್ತೆ ಹೇಳಲಿಕ್ಕೆ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಹೇಳಲು ಬಂದವರು ಈ ಜನರ ಮಾತು ಎಷ್ಟು ಕೇಳಿಸಿಕೊಂಡಿರಬೇಕು ಅಲ್ವಾ? ಆ ಅಜ್ಜಿಯ ಮನೆಗೆ ಹೋಗಿ ಬಂದ ಮೇಲೆ ನನಗೆ ಕಿಟೆಲ್ ಬಗ್ಗೆ ಗೌರವ ಜಾಸ್ತಿಯಾಯಿತು.

ಜೊತೆಗಿದ್ದ ಗೆಳೆಯನೊಂದಿಗೆ ನೀರು ತುಂಬುವ ಪಾಳಿಗಾಗಿ ಜಗಳವೂ ಆಗುತ್ತಿತ್ತು. ಮಲಗುವ ಮುಂಚೆ ಕ್ಷಮೆ ಕೇಳುವುದನ್ನು ಕಲಿತೆ.

ಒಂದು ಮಾತು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಊರಿಗೆ ವಾಪಸ್ ಬಂದ ಮೇಲಿನ ಆರು ತಿಂಗಳು ಬಹಳ ಕಷ್ಟ. ಪ್ರಾರ್ಥನೆಗೆ ಕೂತರೆ ಮನಸ್ಸು ಒಣಗಿದ ಹಾಗೆ. ನೌಕರಿ ಇಲ್ಲ, ಇಲ್ಲಿ ನನ್ನನ್ನು ಕಾಯುವವರು ಯಾರೂ ಇಲ್ಲ. ಎರಡು ವರ್ಷ ನೀರಲ್ಲಿ ಹೋಯ್ತು ಅಂತ ಅತ್ತಿದ್ದೇನೆ. ಆಗ ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿ, ಉಪದೇಶ ಮಾಡಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ, ಮನೆ ಬಿಟ್ಟು ಹೊರಗೆ ಬರಲಾಗದ ಹಿರಿಯರ ಹತ್ತಿರ ಜೊತೆಗೆ ಕರೆದುಕೊಂಡು ಹೋದರು.

ನಾಲ್ಕು ವರ್ಷದ ನಂತರ ಅಪ್ಪನಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು. ಮೊದಲಿನ ನಾನಾಗಿದ್ದರೆ ಧೈರ್ಯದ ಮಾತು ಹೇಳಿ ಎದ್ದು ಹೋಗುತ್ತಿದ್ದೆ. ಈಗ ಗಂಜಿ ಕುಡಿಸಿ, ಬಾಯಿ ಒರೆಸಿ, ಕೈ ಹಿಡಿದು ಸುಮ್ನೆ ಕೂರಲು ಬಂತು. ಅಲ್ಲಿ ಕಲಿತದ್ದು ಎಲ್ಲೂ ಹೋಗಿಲ್ಲ ಅಂತ ಗೊತ್ತಾದದ್ದು ಆಗಲೇ.

ಹೋಗಿ. ಆದರೆ ವಾಪಸ್ ಬಂದ ದಿನದಿಂದ ಯಾವ ಮನೆಯ ಬಾಗಿಲು ತಟ್ಟುತ್ತೀರಿ ಅನ್ನುವುದನ್ನು ಈಗಲೇ ನಿಮ್ಮ ಅಯ್ಯನವರ ಜೊತೆ ಕೂತು ಗೊತ್ತುಮಾಡಿಕೊಳ್ಳಿ. ನಾನು ಈಗಲೂ ಭಾನುವಾರ ಮಧ್ಯಾಹ್ನ ಹೋಗುತ್ತೇನೆ. ಈ ವಾರ ಮೂರು ಮನೆ ಇವೆ.